ಲಿನಕ್ಸ್, ವಿಂಡೋಸ್, ಮ್ಯಾಕ್: ಮೂರಕ್ಕೂ ಸೇರಿ ಒಂದೇ ಫೈಲ್ ಸರ್ವರ್, ನನ್ನ ಅನುಭವ

ನಮ್ಮ ಆಫೀಸಿನಲ್ಲಿ ಇರುವುದು ನಾಲ್ಕೈದು ಜನ, ಆದರೆ ಕಂಪ್ಯೂಟರ್‌ಗಳು ಮೂರು ಜಾತಿಯವು. ಲೆಕ್ಕಪತ್ರಕ್ಕೆ ಟ್ಯಾಲಿ ಬೇಕು, ಹಾಗಾಗಿ ವಿಂಡೋಸ್. ಡಿಸೈನ್ ಮಾಡುವವರು ಮ್ಯಾಕ್ ಬಿಟ್ಟು ಕದಲುವುದಿಲ್ಲ. ಉಳಿದವರಿಗೆ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು. ಯಾರು ಯಾವುದರ ಮುಂದೆ ಕೂತರೂ ಅವರ ಫೈಲುಗಳು ಸಿಗಬೇಕು. ಮೂಲೆಯಲ್ಲಿ ಬಿದ್ದಿದ್ದ ಹಳೇ ಡೆಸ್ಕ್‌ಟಾಪ್‌ಗೆ ಡೆಬಿಯನ್ (ಇದೂ ಒಂದು ಲಿನಕ್ಸ್) ಹಾಕಿ ಅದನ್ನೇ ಎಲ್ಲರ ಫೈಲುಗಳನ್ನು ಇಡುವ ಸರ್ವರ್ ಮಾಡಿದೆ.

ಫೈಲ್ ಯಾರದ್ದು ಅಂತ ಗುರುತಿಡಲು ಲಿನಕ್ಸ್ ಅದರ ಮೇಲೆ ನಿಮ್ಮ ಹೆಸರು ಬರೆದಿಡುವುದಿಲ್ಲ, ನಂಬರ್ ಬರೆದಿಡುತ್ತದೆ. ಅದೇ ಯುಐಡಿ, ಅಂದರೆ ಯೂಸರ್ ಐಡಿ. ಉಬುಂಟು ಹಾಕಿದಾಗ ಮೊದಲ ಯೂಸರ್‌ಗೆ ಸಿಗುವುದು 1000, ಮ್ಯಾಕ್‌ನಲ್ಲಿ 501. ವಿಂಡೋಸ್‌ನದ್ದು ಬೇರೆಯೇ ಕಥೆ, ಅಲ್ಲಿ ಎಸ್‌ಐಡಿ ಅಂತ ಮಾರುದ್ದದ ಗುರುತು. ಈಗ ಎರಡು ಉಬುಂಟು ಯಂತ್ರಗಳನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಒಂದು ವಿಧಾನ) ಮೂಲಕ ಸರ್ವರ್‌ಗೆ ಜೋಡಿಸಿದರೆ, ಎರಡರಲ್ಲೂ ಮೊದಲ ಯೂಸರ್ 1000 ಆಗಿರುವುದರಿಂದ, ನನ್ನ ಫೈಲುಗಳಿಗೆ ಪಕ್ಕದವರೂ ಮಾಲೀಕರೇ! ಅದಕ್ಕೆ ಪ್ರತಿಯೊಬ್ಬರಿಗೂ 3001, 3002 ಹೀಗೆ ನಂಬರ್ ಕೊಟ್ಟು, ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಅದೇ ಇರುವಂತೆ ಯೂಸರ್‌ಮಾಡ್ ಕಮಾಂಡಿನಿಂದ ಬದಲಿಸಿದೆ. ಆ ಕಮಾಂಡ್ ಹೋಮ್ ಫೋಲ್ಡರ್ (ಆಯಾ ಯೂಸರ್‌ನ ಸ್ವಂತ ಫೋಲ್ಡರ್) ಒಳಗಿನದ್ದನ್ನು ತಾನೇ ಸರಿ ಮಾಡುತ್ತದೆ, ಹೊರಗೆ ಇರುವ ಫೈಲುಗಳನ್ನು ನಾವೇ ಹುಡುಕಿ ಮಾಲೀಕತ್ವ ಬದಲಿಸಬೇಕು. ಇಷ್ಟು ಜನಕ್ಕೆ, ಎಲ್ಲರ ಖಾತೆಗಳನ್ನು ಒಂದೇ ಕಡೆ ನಿಭಾಯಿಸುವ ಎಲ್‌ಡ್ಯಾಪ್, ಡೊಮೇನ್ ಅಂತೆಲ್ಲ ಹೋಗಲಿಲ್ಲ. ಸುಮ್ನೆ ಒಂದು ತಲೆನೋವು ಜಾಸ್ತಿ.

ಹೋಮ್ ಫೋಲ್ಡರನ್ನೇ ಇಡಿಯಾಗಿ ಹಂಚಿಬಿಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಬೇಡ. ಅದರಲ್ಲಿ ಚುಕ್ಕಿಯಿಂದ ಶುರುವಾಗುವ ಸೆಟ್ಟಿಂಗ್ ಫೈಲುಗಳು ತುಂಬಿರುತ್ತವೆ, ಒಂದು ಯಂತ್ರದಲ್ಲಿ ಪ್ರೋಗ್ರಾಮಿನ ಹೊಸ ಆವೃತ್ತಿ ಬರೆದಿದ್ದು ಇನ್ನೊಂದರಲ್ಲಿರುವ ಹಳೆಯದಕ್ಕೆ ಅರ್ಥವಾಗುವುದಿಲ್ಲ. ಫೈರ್‌ಫಾಕ್ಸ್ ಅಂತೂ ಹೊಸ ಆವೃತ್ತಿ ಮುಟ್ಟಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಒಪ್ಪುವುದೇ ಇಲ್ಲ. ಹೋಮ್ ಆಯಾ ಯಂತ್ರದಲ್ಲೇ ಇರಲಿ, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮಾತ್ರ ಸರ್ವರ್‌ಗೆ ಹೋಗಲಿ ಅಂತ ತೀರ್ಮಾನಿಸಿದೆ.

ವಿಂಡೋಸ್‌ಗೂ ಮ್ಯಾಕ್‌ಗೂ ಲಿನಕ್ಸ್ ಸರ್ವರಿನ ಫೋಲ್ಡರುಗಳನ್ನು ಹಂಚುವ ಸಾಫ್ಟ್‌ವೇರ್ ಸಾಂಬಾ. ಇದಕ್ಕೆ ತನ್ನದೇ ಪಾಸ್‌ವರ್ಡ್ ಪಟ್ಟಿ ಇದೆ, ಲಿನಕ್ಸ್ ಪಾಸ್‌ವರ್ಡ್ ಬದಲಿಸಿದರೆ ಇದು ಬದಲಾಗುವುದಿಲ್ಲ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಬಿಟ್ಟು ಲೋಕಲ್ ಅಕೌಂಟ್ ಮಾಡಿ, ಸಾಂಬಾದಲ್ಲಿರುವ ಹೆಸರು, ಪಾಸ್‌ವರ್ಡನ್ನೇ ಕೊಟ್ಟೆ. ಆಗ ಏನೂ ಕೇಳದೆ ಶೇರ್ (ಹಂಚಿದ ಫೋಲ್ಡರ್) ತೆರೆದುಕೊಳ್ಳುತ್ತದೆ. (ಮೈಕ್ರೋಸಾಫ್ಟ್ ಖಾತೆಯಲ್ಲೇ ಶುರು ಮಾಡಿದರೆ ಇಮೇಲ್‌ನ ಮೊದಲ ಐದು ಅಕ್ಷರ ಕತ್ತರಿಸಿ ಫೋಲ್ಡರ್‌ಗೆ ಹೆಸರಿಡುತ್ತದೆ, ಯಾರ ಐಡಿಯಾನೋ!) ಎಲ್ಲರೂ ಬಳಸುವ ಫೋಲ್ಡರ್‌ಗೆ ಒಂದು ಗ್ರೂಪ್ ಮಾಡಿ, ಸೆಟ್‌ಜಿಐಡಿ ಬಿಟ್ ಹಾಕಿ 2770 ಅನ್ನುವ ಪರ್ಮಿಷನ್ ಕೊಟ್ಟೆ (2 ಅಂದರೆ ಆ ಬಿಟ್, 770 ಅಂದರೆ ಮಾಲೀಕರಿಗೂ ಗ್ರೂಪಿಗೂ ಪೂರ್ತಿ ಅನುಮತಿ, ಬೇರೆಯವರಿಗೆ ಇಲ್ಲ). ಒಳಗೆ ಯಾರು ಹೊಸ ಫೈಲ್ ಮಾಡಿದರೂ ಅದು ಆ ಗ್ರೂಪಿಗೇ ಸೇರುತ್ತದೆ. ಸಾಂಬಾದಲ್ಲಿ ಹೊಸ ಫೈಲಿನ ಅನುಮತಿ ನಿರ್ಧರಿಸುವ ಕ್ರಿಯೇಟ್ ಮಾಸ್ಕ್ 0660, ಅಂದರೆ ಮಾಲೀಕರೂ ಗ್ರೂಪಿನವರೂ ಓದಿ ತಿದ್ದಬಹುದು. ಅದಿಲ್ಲದಿದ್ದರೆ ಒಬ್ಬರು ಇಟ್ಟ ಫೈಲನ್ನು ಇನ್ನೊಬ್ಬರು ತಿದ್ದಲಾಗದೆ "ರೀ, ಪರ್ಮಿಷನ್ ಇಲ್ಲ ಅಂತಿದೆ ನೋಡಿ" ಅನ್ನುವ ಕರೆ ಬರುತ್ತಲೇ ಇರುತ್ತದೆ.

ನನಗೆ ಮಜಾ ಕೊಟ್ಟಿದ್ದು ಕನ್ನಡದ ಫೈಲ್ ಹೆಸರುಗಳು. ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ (ಮ್ಯಾಕ್‌ನ ಹಳೇ ಫೈಲ್ ವ್ಯವಸ್ಥೆ) ಡಿಸ್ಕ್‌ನಿಂದ ಆರ್‌ಸಿಂಕ್ ಅನ್ನುವ ಸಾಧನದಲ್ಲಿ ನಕಲು ಮಾಡಿದಾಗ ಒಂದೇ ಫೋಲ್ಡರಿನಲ್ಲಿ "ಲೋಗೋ" ಅಂತ ಎರಡು ಫೈಲ್ ಕಂಡವು. ಕಣ್ಣಿಗೆ ಎರಡೂ ಒಂದೇ. ಆ ಡಿಸ್ಕ್ ಹೆಸರುಗಳನ್ನು ಬಿಡಿಸಿ ಇಡುತ್ತದೆ: 'ಲೋ'ದಲ್ಲಿರುವ ಓತ್ವ ಒಂದೇ ಚಿಹ್ನೆಯಾಗಿ ಉಳಿಯದೆ ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡಾಗುತ್ತದೆ. ಲಿನಕ್ಸ್ ಹೆಸರಿನ ಬೈಟ್‌ಗಳು ಒಂದೇನಾ ಅಂತ ಮಾತ್ರ ನೋಡುವುದರಿಂದ ಅದಕ್ಕೆ ಇವೆರಡು ಬೇರೆ ಬೇರೆ ಹೆಸರು. ಇಂಗ್ಲಿಷ್ ಹೆಸರಿಡುವವರಿಗೆ ಇದು ಗೊತ್ತೇ ಆಗುವುದಿಲ್ಲ ಬಿಡಿ. ಕನ್ವ್‌ಎಂವಿ ಅನ್ನುವ ಪುಟ್ಟ ಸಾಧನ ತುಂಡುಗಳನ್ನು ಮತ್ತೆ ಒಂದು ಮಾಡುತ್ತದೆ. ಸುಮ್ಮನೆ ಓಡಿಸಿದರೆ ಏನು ಬದಲಾಗುತ್ತದೆ ಅಂತ ತೋರಿಸುತ್ತದಷ್ಟೇ, ನೋ-ಟೆಸ್ಟ್ ಅಂತ ಹೇಳಿದ ಮೇಲೆಯೇ ನಿಜವಾಗಿ ಬದಲಿಸುವುದು. ಮೊದಲು ಆ ಪಟ್ಟಿ ಓದಿ, ಎರಡರಲ್ಲಿ ಯಾವುದು ಹೊಸದು ಅಂತ ತೆರೆದು ನೋಡಿ, ಆಮೇಲೆ ಓಡಿಸಿದೆ.

ಯಾರಾದರೂ ಕೆಲಸ ಬಿಟ್ಟರೆ ಯೂಸರ್‌ಮಾಡ್‌ನಲ್ಲಿ ಲಾಕ್ ಮಾಡಿದರೆ ಸಾಲದು, ಸಾಂಬಾ ಬಾಗಿಲು ತೆರೆದೇ ಇರುತ್ತದೆ. ಸಾಂಬಾದ ಪಾಸ್‌ವರ್ಡ್ ಪಟ್ಟಿ ನಿಭಾಯಿಸುವ ಎಸ್‌ಎಂಬಿಪಾಸ್‌ಡಬ್ಲ್ಯುಡಿಯಲ್ಲೂ ಡಿಸೇಬಲ್ ಮಾಡಬೇಕು. ಅವರ ನಂಬರನ್ನು ಹೊಸಬರಿಗೆ ಕೊಡಬೇಡಿ, ಕೊಟ್ಟರೆ ಹಳಬರ ಫೈಲುಗಳೆಲ್ಲ ಹೊಸಬರ ಹೆಸರಿಗೆ ಬರುತ್ತವೆ.