ನೀರು ಖಾಲಿ ಮಾಡದೆ 22 ಅಡಿ ಬಾವಿ ಇಳಿಸಿದ್ದು

ಕುಂದಾಪುರದ ಪಂಚಗಂಗಾವಳಿ ಹೊಳೆಯಿಂದ ಕೂಗಳತೆ ದೂರದ ಜಾಗ. ಮೂರು ಮಾಳಿಗೆಯ ಕಟ್ಟಡಕ್ಕೆ ಬಾವಿ ಅಡಿಪಾಯ, ಅಂದರೆ ಬಾವಿಯಂಥ ಟೊಳ್ಳು ಕಾಂಕ್ರೀಟ್ ಗೋಡೆಯನ್ನು ನೆಲದೊಳಗೆ ಇಳಿಸಿ ತಳ ಮುಚ್ಚುವ ಅಡಿಪಾಯ, ಹಾಕುತ್ತೇನೆ ಎಂದಾಗ "ಆತಿಲ್ಲೆ ಮಾರಾಯ್ರೆ, ಅದು ಸೇತುವೆ ಕಟ್ಟುವವರ ಕೆಲಸ" ಅಂದವರೇ ಹೆಚ್ಚು. ಆರು ಬಾವಿ ಇಳಿಸಿದೆ. ಮೇಲೆ ಕಟ್ಟಡ ಎದ್ದು ಎರಡು ಮಳೆಗಾಲ ಕಳೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ಪಂಪ್ ಇಟ್ಟವನೇ. ನಾಲ್ಕು ಅಡಿಗೇ ನೀರು. ಜೆಸಿಬಿಯಲ್ಲಿ ಎಂಟು ಅಡಿ ತೋಡಿಸಿ, 5 ಎಚ್‌ಪಿಯ ಎರಡು ಡೀಸೆಲ್ ಪಂಪ್ ಹಗಲೂ ರಾತ್ರಿ ಓಡಿಸಿದೆ. ತಳದಿಂದ ಹೊಯ್ಗೆ (ಮರಳು) ಗಂಜಿ ಕುದಿದ ಹಾಗೆ ಉಕ್ಕತೊಡಗಿತು. ಸಂಜೆ ತೆಗೆದಷ್ಟೂ ಬೆಳಿಗ್ಗೆ ಮತ್ತೆ ತುಂಬಿರುತ್ತಿತ್ತು. ಐದನೇ ದಿನ ಪಕ್ಕದ ಮನೆಯವರ ಕಂಪೌಂಡ್ ಗೋಡೆ ಬಾಯಿ ಬಿಟ್ಟಿತು. ನಾವು ಹೊರಗೆ ಹಾಕುತ್ತಿದ್ದದ್ದು ಅವರ ಗೋಡೆಯ ಅಡಿಯ ಹೊಯ್ಗೆ! ಗೋಡೆ ರಿಪೇರಿಯೂ ಸೇರಿ ಒಂದೂವರೆ ಲಕ್ಷದ ಹತ್ತಿರ ಕೈಬಿಟ್ಟಿತು. ನೆಲದಾಳಕ್ಕೆ ಕಂಬ ಇಳಿಸುವ ಪೈಲಿಂಗ್‌ನವರನ್ನು ಕೇಳಿದರೆ ಓಣಿಯೊಳಗೆ ಅವರ ದೊಡ್ಡ ಯಂತ್ರ (ರಿಗ್) ಬರುವುದಿಲ್ಲ, ಸಣ್ಣದು ತರಿಸಿದರೆ 18 ಲಕ್ಷದ ಮೇಲೆ ಎಂದರು.

ಆಗ ತಲೆಗೆ ಹೊಳೆದದ್ದು ಇಷ್ಟೇ: ನೀರಿನ ಜೊತೆ ಜಗಳ ಬೇಡ, ಅದು ಒಳಗೇ ಇರಲಿ. ಹೊರಗೆ ಆರು ಅಡಿ ವ್ಯಾಸ, ಒಂಬತ್ತು ಇಂಚು ದಪ್ಪದ ಗೋಡೆ, ಅಡಿಯಲ್ಲಿ ಕಬ್ಬಿಣದ ಆ್ಯಂಗಲ್‌ನ ಚೂಪು ಅಂಚು. ನಾಲ್ಕು ನಾಲ್ಕು ಅಡಿ ಎರಕ ಹೊಯ್ಯುವುದು, ಮೂರು ಕಾಲಿನ ತ್ರಿಪಾದಿಗೆ ಕಟ್ಟಿದ ಸಣ್ಣ ಗ್ರ್ಯಾಬ್‌ನಿಂದ (ದವಡೆಯ ಹಾಗೆ ಮಣ್ಣು ಕಚ್ಚುವ ಬಕೆಟ್) ಒಳಗಿನ ಮಣ್ಣು ಎತ್ತುವುದು, ಬಾವಿ ತನ್ನ ಭಾರಕ್ಕೆ ಇಳಿದ ಹಾಗೆ ಮೇಲೆ ಮತ್ತೆ ಎರಕ. ಒಳಗಿನ ನೀರು ಹೊರಗಿನದಕ್ಕಿಂತ ಒಂದೆರಡು ಅಡಿ ಮೇಲೆಯೇ ಇರಬೇಕು. ಪಂಪ್ ಇಟ್ಟಿದ್ದು ನಿಜ, ಆದರೆ ಒಳಗೆ ನೀರು ಬಿಡುವುದಕ್ಕೆ. ಉಬ್ಬರದ ಹೊತ್ತಿಗೆ ಜಾಗದ ನೀರು ಒಂದು ಗೇಣಿನಷ್ಟು ಏರುತ್ತದೆ. ಅದನ್ನು ಮರೆತ ಒಂದು ರಾತ್ರಿ ಎರಡನೇ ಬಾವಿಯೊಳಗೆ ಮೂರು ಅಡಿ ಹೊಯ್ಗೆ ನುಗ್ಗಿತ್ತು.

14 ಅಡಿ ತನಕ ಹೊಯ್ಗೆ, ಸಲೀಸು. ಅದರ ಕೆಳಗಿನ ಕಪ್ಪು ಜೇಡಿಯಲ್ಲಿ ಗೋಡೆ ಕಚ್ಚಿ ನಿಂತಿತು. ಮೇಲೆ ಸುಮಾರು 300 ಹೊಯ್ಗೆ ಚೀಲ, ಹತ್ತು ಹನ್ನೆರಡು ಟನ್, ಹೇರಿದರೂ ಕದಲಲಿಲ್ಲ. ಗೋಡೆಯ ಹೊರಮೈಗೆ ಪೈಪ್ ಇಟ್ಟು ನೀರು ಹಾಯಿಸಿ ನೋಡಿದೆ. ಪೈಪ್ ಇದ್ದ ಕಡೆ ಮಾತ್ರ ಜಾರಿ ಬಾವಿ ವಾಲಿತು, ಆ ಉಪಾಯ ಅಲ್ಲಿಗೇ ಬಿಟ್ಟೆ. ಮುಂದಿನ ಬಾವಿಗಳ ಹೊರಮೈಗೆ ಒಂದು ಲೇಪ ಬಳಿದೆ. ಅದರಲ್ಲಿ ಏನೇನಿತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ಚೀಲ ಅರ್ಧಕ್ಕರ್ಧ ಕಡಿಮೆ ಸಾಕಾಯಿತು.

ಮೂರನೆಯದು ನಿದ್ದೆ ಕೆಡಿಸಿದ ಬಾವಿ. 11 ಅಡಿಯಲ್ಲಿ ಐದು ಇಂಚು ವಾಲಿತು. ಹೊಳೆಯಲ್ಲಿ ಮುಳುಗಿ ಚಿಪ್ಪು ಹೆಕ್ಕುವವರೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಅಂಚಿನಡಿ ಅಡ್ಡ ಮಲಗಿದ್ದ ಹಳೆಯ ತೆಂಗಿನ ದಿಮ್ಮಿಯನ್ನು ಕೈಯಲ್ಲಿ ತಡವಿ ಗುರುತಿಸಿದರು. ಅದನ್ನು ತುಂಡು ಮಾಡಿ ತೆಗೆಯಲು ಮೂರು ದಿನ ಹಿಡಿಯಿತು. ಆಮೇಲೆ ಎತ್ತರ ಉಳಿದ ಬದಿಯಲ್ಲೇ ಮಣ್ಣು ತೆಗೆದು, ಚೀಲವನ್ನೂ ಅದೇ ಬದಿಗೆ ಸರಿಸಿ, ಚೈನ್ ಪುಲ್ಲಿ ಬಿಗಿದು ಒಂದೂವರೆ ಇಂಚಿಗೆ ತಂದೆ. ಆ ಒಂದೇ ಬಾವಿ 40 ಸಾವಿರ ಹೆಚ್ಚು ತಿಂದಿತು.

ತಳ ಮುಚ್ಚುವ ಕಾಂಕ್ರೀಟಿಗೆ ಮೊದಲು ಎರಡು ಡ್ರಮ್ಮಿನಲ್ಲಿ ನೀರು ತುಂಬಿ ಪರೀಕ್ಷೆ ಮಾಡಿದೆ. ಒಂದಕ್ಕೆ ಬುಟ್ಟಿಯಿಂದ ಸುರಿದೆ, ಇನ್ನೊಂದಕ್ಕೆ ಪೈಪಿನಲ್ಲಿ ಇಳಿಸಿದೆ. ವಾರ ಬಿಟ್ಟು ಡ್ರಮ್ ಕೊಯ್ದರೆ ಬುಟ್ಟಿಯದ್ದು ತಳದಲ್ಲಿ ಬರೀ ಜಲ್ಲಿ, ಮೇಲೆ ಸಿಮೆಂಟಿನ ಕೆನೆ. ಪೈಪಿನದ್ದು ಸುತ್ತಿಗೆಗೆ ಠಣ್ ಅಂದಿತು. ಎಂಟು ಇಂಚಿನ ಕಬ್ಬಿಣದ ಪೈಪಿನ ಬಾಯಿಗೆ ಸ್ವಲ್ಪ ಗಾಳಿ ಇಳಿಸಿದ ಹಳೆಯ ಫುಟ್‌ಬಾಲ್ ತುರುಕಿ, ಅದರ ಮೇಲೆ ಕಾಂಕ್ರೀಟ್ ಬಿಟ್ಟೆವು. ಸಿಮೆಂಟ್ ಶೇ. 10 ಹೆಚ್ಚು. ಚೆಂಡು ತಳದಿಂದ ನುಸುಳಿ ಮೇಲೆ ತೇಲಿ ಬಂದಾಗ ಹುಡುಗರೆಲ್ಲ ಕೂಗಿದರು. ಅಲ್ಲಿಂದ ಪೈಪಿನ ತುದಿ ಕಾಂಕ್ರೀಟಿನೊಳಗೇ ಇರಬೇಕು, ನಡುವೆ ಮಿಕ್ಸರ್ ನಿಲ್ಲಬಾರದು. ನಾಲ್ಕು ಅಡಿ ದಪ್ಪ, ಒಂದೂವರೆ ಗಂಟೆ.

ಹತ್ತು ದಿನ ಕಾದು ಮೊದಲನೇ ಬಾವಿಯ ನೀರು ತೆಗೆದೆ. ಟಾರ್ಚ್ ಬಿಟ್ಟರೆ ತಳ ಕಂಡಿತು, ಒಂದು ಬದಿಯಲ್ಲಿ ಅಂಗೈಯಷ್ಟು ತೇವ ಬಿಟ್ಟರೆ ಒಣ. ಬೇಡ ಅಂದಿದ್ದ ಎಂಜಿನಿಯರ್ ಒಬ್ಬರು ಏಣಿ ಇಳಿದು ಕೈಯಿಟ್ಟು ನೋಡಿ ಹೋದರು. ಒಳಗೆ ಹೊಯ್ಗೆ ತುಂಬಿ ಮೇಲೆ ಮುಚ್ಚಳದ ಸ್ಲ್ಯಾಬ್ ಹಾಕಿದೆವು.

ಬಾವಿಗೆ 1.9 ಲಕ್ಷದ ಲೆಕ್ಕ, ಆರಕ್ಕೆ ಹನ್ನೊಂದೂವರೆಯ ಆಸುಪಾಸು. ಕಳೆದ ತಿಂಗಳು ಲೆವೆಲ್ ಟ್ಯೂಬ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿದು ಕಟ್ಟಡದ ನಾಲ್ಕೂ ಮೂಲೆ ನೋಡಿದೆ. ಮೂರನೇ ಬಾವಿಯ ಮೂಲೆಯಲ್ಲೂ ಒಂದು ನೂಲಿನಷ್ಟು ವ್ಯತ್ಯಾಸ ಸಿಗಲಿಲ್ಲ.