ಅವಳಿ ಕೂಸುಗಳ ಡಬ್ಬಿ ಹಾಲಿಗೆ ನಾನು ನೀರು ಆರಿಸಿಕೊಂಡಿದ್ದು

ಜಗಳೂರು ತಾಲ್ಲೂಕಿನ ನಮ್ಮೂರಲ್ಲಿ ಮನೆ ನಲ್ಲಿಗೆ ಬರುವುದು ಬೋರ್ ನೀರು. ಕುಡಿಯೋಕೆ ಬೇಕಂದ್ರೆ ಶುದ್ಧ ನೀರಿನ ಘಟಕಕ್ಕೆ ಹೋಗಿ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರಬೇಕು. ನನಗೆ ಅವಳಿ ಮಕ್ಕಳು. ಹುಟ್ಟಿದಾಗ ತೂಕ ಕಮ್ಮಿ ಇತ್ತು, ಎದೆಹಾಲು ಇಬ್ಬರಿಗೂ ಸಾಲುತ್ತಿರಲಿಲ್ಲ. ಎದೆಹಾಲು ಬಿಡಿಸಬೇಡಿ, ಜೊತೆಗೆ ಸ್ವಲ್ಪ ಡಬ್ಬಿ ಹಾಲು ಕೊಡಿ ಅಂತ ಮಕ್ಕಳ ಡಾಕ್ಟರ್ ಬರೆದುಕೊಟ್ಟರು. ಪುಡಿ ಅವರು ಹೇಳಿದ್ದು, ಯಾವ ನೀರು ಅಂತ ಮಾತ್ರ ನಾನೇ ಆರಿಸಿಕೊಳ್ಳಬೇಕಿತ್ತು.

"ಕುದಿಸಿದ್ರೆ ಆಯ್ತಲ್ಲವ್ವಾ, ಇನ್ನೇನು?" ಅಂದರು ಅತ್ತೆ. ಕುದಿಸಿದರೆ ರೋಗಾಣು ಸಾಯುತ್ತವೆ, ಅದು ನಿಜ. ಆದರೆ ಬೋರ್ ನೀರಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್ ಅನ್ನೋ ಲವಣಗಳು ಎರಡೂ ಕುದಿಸಿದರೆ ಹೋಗಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಲ್ಲಿ ಅವುಗಳ ಅಂಶ ಇನ್ನೂ ಜಾಸ್ತಿಯಾಗುತ್ತದೆ. ನಮ್ಮ ಕಡೆ ದೊಡ್ಡ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದಲ್ಲ, ಅದಕ್ಕೆ ಕಾರಣ ಈ ಫ್ಲೋರೈಡೇ. ತಾಯಿ ಎಂಥ ನೀರು ಕುಡಿದರೂ ಎದೆಹಾಲಿಗೆ ಫ್ಲೋರೈಡ್ ಬಹಳ ಕಮ್ಮಿ ಇಳಿಯುತ್ತದೆ. ಪುಡಿ ಹಾಲಿನಲ್ಲಿ ಹಾಗಲ್ಲ, ನೀರಲ್ಲಿ ಇರೋದೆಲ್ಲ ನೇರ ಕೂಸಿನ ಹೊಟ್ಟೆಗೆ. ನೈಟ್ರೇಟ್ ಜಾಸ್ತಿಯಾದರೆ ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಆಮ್ಲಜನಕವನ್ನು ಸರಿಯಾಗಿ ಹೊರಲಾಗದೆ ಮೈ ನೀಲಿಗಟ್ಟಬಹುದು. ಗೊಬ್ಬರ, ತಿಪ್ಪೆ, ಕಕ್ಕಸು ಗುಂಡಿ ಹತ್ತಿರವಿರುವ ಬೋರ್‌ಗಳಲ್ಲಿ ಈ ಭಯ ಹೆಚ್ಚು.

ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಮಾಡುವ ಕಿಟ್ ಇತ್ತು. ತರಬೇತಿ ಪಡೆದಿದ್ದ ಹೆಣ್ಣುಮಗಳೊಬ್ಬಳು ನಮ್ಮ ನಲ್ಲಿ ನೀರನ್ನು ಸಣ್ಣ ಗಾಜಿನ ಕೊಳವೆಗೆ ತುಂಬಿ ಔಷಧದ ಹನಿ ಹಾಕಿದಳು. ಗುಲಾಬಿ ಬಣ್ಣ ಹಳದಿ ಕಡೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ ಅಂತ ಲೆಕ್ಕ. ನಮ್ಮದು ಹಳದಿಗೇ ಬಂತು. ಆಮೇಲೆ ನಲ್ಲಿ ನೀರು, ಘಟಕದ ನೀರು ಎರಡನ್ನೂ ಬೇರೆ ಬೇರೆ ಬಾಟಲಿಗೆ ಹಿಡಿದು ದಾವಣಗೆರೆಯ ಲ್ಯಾಬ್‌ಗೆ ಮನೆಯವರ ಕೈಲಿ ಕಳಿಸಿದೆ. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ನೈಟ್ರೇಟ್ 45 ದಾಟಬಾರದು. ನಲ್ಲಿ ನೀರಲ್ಲಿ ಫ್ಲೋರೈಡ್ 1.5 ದಾಟಿತ್ತು. ಘಟಕದ ನೀರು ಎರಡರಲ್ಲೂ ಪಾಸಾಯಿತು.

ಘಟಕದ ನೀರು ಸಿಹಿಯಾಗಿದೆ ಅಂತ ಸುಮ್ನೆ ನಂಬಬೇಡಿ. ಒಳಗೆ ನೀರು ಸೋಸುವ ಆರ್‌ಒ ಪೊರೆ ಹಳತಾದರೆ ಫ್ಲೋರೈಡ್ ದಾಟಿ ಬರುತ್ತದೆ, ಬಾಯಿಗೆ ಗೊತ್ತಾಗಲ್ಲ. ಟಿಡಿಎಸ್ ಮೀಟರ್ ಕೂಡ ಒಟ್ಟು ಲವಣ ಎಷ್ಟು ಅಂತ ಹೇಳುತ್ತದೆಯೇ ಹೊರತು ಫ್ಲೋರೈಡ್ ಎಷ್ಟು ಅಂತ ಹೇಳಲ್ಲ. ಪೊರೆ ಯಾವಾಗ ಬದಲಿಸಿದ್ದೀರಿ ಅಂತ ಘಟಕ ನೋಡಿಕೊಳ್ಳುವ ಅಣ್ಣನನ್ನು ಆಗಾಗ ಕೇಳುತ್ತಿದ್ದೆ. ಕೇಳೋದು ನಮ್ಮ ಹಕ್ಕು.

ಇನ್ನು ಕಾಸುವ ವಿಷಯ. ಘಟಕದ ನೀರಾದರೂ ಕ್ಯಾನ್‌ನಲ್ಲಿ, ಕೈಯಲ್ಲಿ ರೋಗಾಣು ಸೇರುತ್ತವೆ. ಪುಡಿಯಲ್ಲೂ ಇರಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ, ಪುಡಿ ಹಾಕುವಾಗ ನೀರು 70 ಡಿಗ್ರಿಗಿಂತ ತಣ್ಣಗಿರಬಾರದು ಅಂತ. ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ಪುಡಿಯಲ್ಲಿರುವ ರೋಗಾಣು ಹಾಗೇ ಉಳಿಯುತ್ತವೆ. ನಾನು ಒಂದು ಲೀಟರ್ ನೀರನ್ನು ಕೊತ ಕೊತ ಕುದಿಸಿ, ಮುಚ್ಚಿಟ್ಟು, ಅರ್ಧ ಗಂಟೆಯೊಳಗೆ ಬಳಸುತ್ತಿದ್ದೆ. ಮೊದಲು ನೀರು ಅಳೆದು, ಆಮೇಲೆ ಡಬ್ಬಿಯಲ್ಲೇ ಬಂದ ಚಮಚದಿಂದ ಪುಡಿ, ಚಮಚದ ಅಂಚಿಗೆ ಸಮ ಮಾಡಿ. ಪುಡಿ ಉಳಿಸೋಕೆ ನೀರು ಜಾಸ್ತಿ ಮಾಡಲೇಬಾರದು. ಕಲಸಿದ ಲೋಟವನ್ನು ತಣ್ಣೀರಿನ ಬಟ್ಟಲಲ್ಲಿ ಇಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ ಕುಡಿಸುತ್ತಿದ್ದೆ. ಕುಡಿದು ಉಳಿದದ್ದನ್ನು ಚೆಲ್ಲುತ್ತಿದ್ದೆ. ಬಾಯಿ ಹಚ್ಚದ ಹಾಲನ್ನೂ ಎರಡು ಗಂಟೆಯ ಮೇಲೆ ಇಟ್ಟುಕೊಳ್ಳಲಿಲ್ಲ.

ಬಾಟಲಿ ಬದಲು ಅತ್ತೆಯ ಕಾಲದ ಬೆಳ್ಳಿ ಒಳಲೆ (ಕೂಸಿಗೆ ಹಾಲು ಕುಡಿಸುವ ಮೂತಿಯ ಸಣ್ಣ ಬಟ್ಟಲು) ಹಿಡಿದೆ. ಬಾಟಲಿ ನಿಪ್ಪಲ್ಲಿನ ಸಂದಿಯಲ್ಲಿ ಹಾಲು ಕೂರುತ್ತದೆ, ಒಳಲೆಯಲ್ಲಿ ಕೂರೋಕೆ ಜಾಗವೇ ಇಲ್ಲ. ತೊಳೆದು ನೀರಲ್ಲಿ ಕುದಿಸಿದರೆ ಮುಗೀತು. ಇದರಲ್ಲಿ ಅತ್ತೆ ನನಗಿಂತ ಗಟ್ಟಿ.

ತವರಿಗೆ ಹೋಗುವಾಗ ಕುದಿದ ನೀರು ಫ್ಲಾಸ್ಕ್‌ನಲ್ಲಿ, ಪುಡಿ ಒಣ ಡಬ್ಬಿಯಲ್ಲಿ, ಬೇರೆ ಬೇರೆ. ಬೇಕಾದಾಗಲೇ ಕಲಸುವುದು. ಆರು ತಿಂಗಳು ತುಂಬಿ ರಾಗಿ ಸರಿ ಶುರು ಮಾಡಿದ ಮೇಲೂ ನೀರು ಬದಲಿಸಿಲ್ಲ. ಒಸಡಿನೊಳಗೆ ಶಾಶ್ವತ ಹಲ್ಲು ಕಟ್ಟುವುದು ವರ್ಷಗಟ್ಟಲೆ ನಡೆಯುತ್ತದೆ, ಹಾಗಾಗಿ ಸರಿ ಕಾಸೋಕೆ, ಅನ್ನ ಮಾಡೋಕೆ ಈಗಲೂ ಘಟಕದ ನೀರೇ. ನಲ್ಲಿ ನೀರು ಪಾತ್ರೆ, ಬಟ್ಟೆ, ಸ್ನಾನಕ್ಕೆ.