ಮುಸುಕಿನ ಜೋಳ: ನೇಗಿಲ ಸಾಲೋ, ಟ್ರ್ಯಾಕ್ಟರ್ ಪ್ಲಾಂಟರೋ?

ಹೆಸರಘಟ್ಟದ ಕಡೆ ನಮ್ಮ ಹೊಲ. ಮುಸುಕಿನ ಜೋಳವನ್ನು ಕಾಳಿಗೂ ಬೆಳೆಯುತ್ತೇವೆ, ಹಸುಗಳ ಮೇವಿಗೂ ಬೆಳೆಯುತ್ತೇವೆ. ಈಗ ಕೆಲವು ವರ್ಷಗಳಿಂದ ದೊಡ್ಡ ಪಟ್ಟೆಗೆ ಪ್ಲಾಂಟರ್ (ಟ್ರ್ಯಾಕ್ಟರ್ ಹಿಂದೆ ಕಟ್ಟಿ ಸಾಲಿಗೆ ಒಂದೊಂದೇ ಕಾಳು ಬಿಡುವ ಯಂತ್ರ), ಬದುವಿನ ಪಕ್ಕದ ತುಂಡುಗಳಿಗೆ ಎತ್ತಿನ ನೇಗಿಲು.

ನೇಗಿಲ ಬಿತ್ತನೆಗೆ ಹೂಡುವವರು ಒಬ್ಬರು, ಹಿಂದೆ ಕಾಳು ಬಿಡುವವರು, ಗೊಬ್ಬರ ಬಿಡುವವರು ಬೇಕು. ನಮ್ಮಮ್ಮ ಗೇಣಿಗೊಂದು ಕಾಳು ಬಿಡುತ್ತಾ ಹೋದರೆ ಅಳತೆಯೇ ಬೇಡ. ಆದರೆ ಅಂಥ ಕೈಗಳು ಈಗ ಕೂಲಿಗೆ ಸಿಗುವುದಿಲ್ಲ. ಊರಿನ ಹೆಣ್ಣುಮಕ್ಕಳು ಬೆಳಗ್ಗೆಯೇ ಗಾರ್ಮೆಂಟ್ಸ್ ಬಸ್ ಹತ್ತಿರುತ್ತಾರೆ. (ಈಗಿನ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಸೆರಗಿಗೆ ಕಟ್ಟಿಕೊಳ್ಳಬೇಡಿ. ಗ್ಲೌಸ್ ಹಾಕಿಕೊಳ್ಳಿ.)

ಒಂದು ಜೊತೆ ಎತ್ತು ದಿನಕ್ಕೆ ಒಂದು ಎಕರೆ ಮುಗಿಸಿದರೆ ಅದೇ ಜಾಸ್ತಿ. ಪ್ಲಾಂಟರ್‌ಗೆ ಹೆಚ್ಚುಕಮ್ಮಿ ಒಂದು ಗಂಟೆ. ಕೂಲಿ ಉಳಿಯುತ್ತೆ ಅನ್ನುವುದಕ್ಕಿಂತ ಹದ ತಪ್ಪುವುದಿಲ್ಲ ಅನ್ನುವುದೇ ನನಗೆ ದೊಡ್ಡದು. ನಮ್ಮ ಕೆಂಪು ಮಣ್ಣು ಮಳೆ ನಿಂತ ಎರಡು ದಿನಕ್ಕೇ ಒಣಗಲು ಶುರುವಾಗುತ್ತೆ. ಎತ್ತು ಮೂರನೇ ಎಕರೆಗೆ ಬರುವಷ್ಟರಲ್ಲಿ ಮೇಲ್ಮಣ್ಣು ಪುಡಿಪುಡಿ. ಆಮೇಲೆ ಮೊಳಕೆ ಹಿಂದೆ ಮುಂದೆ ಆಗುತ್ತೆ.

ಹಾಗಂತ ಯಂತ್ರ ಬಂತು ಅಂತ ಸುಮ್ನೆ ನಿಲ್ಲುವ ಹಾಗಿಲ್ಲ. ಸಾಲಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಅಂದರೆ ಎಕರೆಗೆ ಸುಮಾರು 33,700 ಗಿಡ. ಅಷ್ಟು ಬರಬೇಕಾದರೆ ಪ್ಲಾಂಟರ್ ಒಳಗೆ ತಿರುಗುತ್ತಾ ಕಾಳು ಹಿಡಿದು ಬಿಡುವ ಪ್ಲೇಟಿನ ಗುಂಡಿಗೂ ಕಾಳಿನ ಗಾತ್ರಕ್ಕೂ ಹೊಂದಬೇಕು. ಚಪ್ಪಟೆ ಕಾಳಿಗೆ ಒಂದು ಪ್ಲೇಟ್, ಗುಂಡು ಕಾಳಿಗೆ ಇನ್ನೊಂದು. ಹೊಲಕ್ಕೆ ಇಳಿಸುವ ಮೊದಲು ಪ್ಲಾಂಟರ್ ಎತ್ತಿ ನಿಲ್ಲಿಸಿ, ಕೆಳಗೆ ಗೋಣಿಚೀಲ ಹಾಸಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಎಲ್ಲ ಕೊಳವೆಯಿಂದಲೂ ಒಂದೊಂದೇ ಕಾಳು ಉದುರುತ್ತಿದೆಯಾ, ಜೋಡಿ ಬೀಳುತ್ತಿದೆಯಾ ಅಂತ ಅಲ್ಲೇ ಗೊತ್ತಾಗುತ್ತೆ. ಮೊದಲ ಸಾಲು ಹೋದ ಮೇಲೆ ಕುಡುಗೋಲಿನ ತುದಿಯಲ್ಲಿ ಮಣ್ಣು ಕೆದಕಿ ನೋಡುತ್ತೇನೆ. ಕಾಳು 4–5 ಸೆಂ.ಮೀ. ಆಳದಲ್ಲಿರಬೇಕು. ಗೊಬ್ಬರ ಪಕ್ಕದಲ್ಲಿರಬೇಕು, ಕಾಳಿಗೆ ತಾಗಿದರೆ ಮೊಳಕೆ ಸುಟ್ಟುಹೋಗುತ್ತೆ.

ಬಾಡಿಗೆ ಟ್ರ್ಯಾಕ್ಟರ್ ಡ್ರೈವರ್‌ಗೆ ಯಾವಾಗಲೂ ಮುಂದಿನ ಹೊಲದ ಅವಸರ. ವೇಗ ಜಾಸ್ತಿ ಆದರೆ ಪ್ಲೇಟು ಕಾಳು ಹಿಡಿಯುವುದಿಲ್ಲ, ಸಾಲಿನಲ್ಲಿ ಬೋಳು ಬೀಳುತ್ತೆ. "ನಿಧಾನ ಅಣ್ಣಾ, ಇನ್ನೊಂದು ನೂರು ಜಾಸ್ತಿ ಕೊಡ್ತೀನಿ" ಅಂದುಬಿಡುತ್ತೇನೆ. ಮಣ್ಣು ತುಸು ಹಸಿ ಇದ್ದರೂ ಕೊಳವೆಯ ಬಾಯಿ ಕಟ್ಟಿಕೊಳ್ಳುತ್ತೆ. ಡ್ರೈವರ್‌ಗೆ ಅದು ಕಾಣುವುದಿಲ್ಲ, ಅದಕ್ಕೇ ಹಿಂದೆ ಒಬ್ಬರು ನಡೆಯಲೇಬೇಕು.

ಅಕ್ಕಡಿ ಸಾಲಿಗೆ ಮಾತ್ರ ನನ್ನ ಓಟು ನೇಗಿಲಿಗೇ. ಜೋಳದ ನಡುವೆ ತೊಗರಿ, ಅವರೆ ಬೇಕು ಅಂದರೆ ಕೈಯಲ್ಲಿನ ಬೀಜ ಬದಲಾಯಿಸಿದರೆ ಆಯ್ತು. ಟ್ರ್ಯಾಕ್ಟರ್ ತಿರುಗದ ಮೂಲೆಗಳಿಗೂ ಅದೇ.

ಮೇವಿನ ಜೋಳಕ್ಕೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಆಫ್ರಿಕನ್ ಟಾಲ್ ಅನ್ನುವ ಮೇವಿನ ತಳಿಯ ಬೀಜವನ್ನು 30 ಸೆಂ.ಮೀ. ಸಾಲಿನಲ್ಲಿ ಒತ್ತಾಗಿ ಬಿತ್ತುವುದರಿಂದ ಕಾಳನ್ನು ಒಂದೊಂದಾಗಿ ಬಿಡದೆ ಸಾಲಿಗೆ ಸುರಿಯುತ್ತಾ ಹೋಗುವ ಮಾಮೂಲಿ ಸೀಡ್ ಡ್ರಿಲ್ಲೇ ಸಾಕು. ಪ್ಲಾಂಟರ್ ಬಾಡಿಗೆ ದಂಡ.